ಬೂಷ್ಟಿನ ಮೇಲೆ ಬಳಿದ ಬಣ್ಣ



ಪ್ರತಿವರ್ಷ ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ತುಂಬಿಕೊಳ್ಳುತ್ತವೆ. ಒಂದು, ಹೊಸದಾಗಿ ಬರುವವರದು: "ಮುಂದಿನ ವಾರ ಡಬ್ಲಿನ್ನಿಗೆ ಬರುತ್ತಿದ್ದೇವೆ, ಮಗು ಚಿಕ್ಕದು, ಎಲ್ಲಿಯಾದರೂ ಮನೆಯಿದ್ದರೆ ದಯವಿಟ್ಟು ತಿಳಿಸಿ." ಇನ್ನೊಂದು, ಮನೆಯುಳ್ಳವರದು: "ಎರಡು ಬೆಡ್‌ರೂಮಿನ ಮನೆ, ಈಗಷ್ಟೇ ಪೇಂಟ್ ಮಾಡಿಸಿದೆ, ಕನ್ನಡಿಗರಿಗೆ ಆದ್ಯತೆ." ಕನ್ನಡಿಗರಿಗೆ ಆದ್ಯತೆ ಕೊಡುವ ಔದಾರ್ಯವನ್ನು ಸದ್ಯಕ್ಕೆ ಬದಿಗಿಡೋಣ. "ಈಗಷ್ಟೇ ಪೇಂಟ್ ಮಾಡಿಸಿದೆ" ಎಂಬ ಮೂರು ಪದಗಳ ಮೇಲೆ ನನಗೆ ದೊಡ್ಡ ತಕರಾರಿದೆ. ಈ ಲೇಖನ ಆ ತಕರಾರಿನದು. ಕೆಲವರಿಗೆ ಇದು ಕಹಿಯೆನಿಸೀತು, ಎನಿಸಲಿ.

ಒಂದು ಕಾಲಕ್ಕೆ ಈ ದೇಶದಲ್ಲಿ ನಾವೆಲ್ಲರೂ ಬಾಡಿಗೆದಾರರೇ ಆಗಿದ್ದೆವು. ಮಾಲೀಕರೆಂದರೆ ಪರರು, ದೂರುವುದು ಸುಲಭವಿತ್ತು. ಈಗ ಕಾಲ ಬದಲಾಗಿದೆ. 2022ರ ಜನಗಣತಿಯ ವೇಳೆಗೆ ಭಾರತೀಯ ಪೌರತ್ವವುಳ್ಳವರೇ 45,449 ಮಂದಿ ಐರ್ಲೆಂಡಿನಲ್ಲಿದ್ದರು. ಐರಿಷ್ ಪಾಸ್‌ಪೋರ್ಟ್ ಪಡೆದ ನಮ್ಮಂಥವರು ಆ ಲೆಕ್ಕದ ಹೊರಗೆ. ಮೊದಲು ಬಂದವರು ಮನೆ ಕೊಂಡರು. ಮಕ್ಕಳು ಬೆಳೆದ ಮೇಲೆ ದೊಡ್ಡ ಮನೆಗೆ ಹೋದರು; ಹಳೆಯದನ್ನು ಬಾಡಿಗೆಗೆ ಕೊಟ್ಟರು, ಇಲ್ಲವೇ ಮಾರಿದರು. ಹಾಗಾಗಿ ಇಂದು ಲೂಕನ್ನಿನಲ್ಲಿಯೋ ಸ್ವೋರ್ಡ್ಸ್‌ನಲ್ಲಿಯೋ ಬೀಗದ ಕೈ ಕೊಡುವವನೂ ಕನ್ನಡಿಗ, ಪಡೆಯುವವನೂ ಕನ್ನಡಿಗ. ದೂರು ನಮ್ಮ ಮನೆಯ ಅಂಗಳಕ್ಕೇ ಬಂದು ನಿಂತಿದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಬಣ್ಣ ದುರಸ್ತಿಯಲ್ಲ. ಬಾಡಿಗೆಗೆ ಅಥವಾ ಮಾರಾಟಕ್ಕೆ ಮುನ್ನ ನಾವು ಮಾಡಿಸುವ ಬಹುಪಾಲು ಕೆಲಸ ಕಣ್ಣಿಗೆ ಮಾಡಿಸುವ ಕೆಲಸ. ಮನೆ ಉಸಿರಾಡುವುದಕ್ಕೆ, ಬೆಚ್ಚಗಿರುವುದಕ್ಕೆ, ಒಣಗಿರುವುದಕ್ಕೆ ಬೇಕಾದದ್ದನ್ನು ಮಾಡಿಸದೆ, ಆ ಲೋಪದಿಂದ ಹುಟ್ಟುವ ಬೂಷ್ಟಿನ ಹೊಣೆಯನ್ನು ಬಾಡಿಗೆದಾರನ ಒಗ್ಗರಣೆಯ ಮೇಲೆ ಹೊರಿಸುತ್ತೇವೆ. ಇದು ಅನ್ಯಾಯ. ಈ ದೇಶದ ಕಾನೂನಿನ ಪ್ರಕಾರ ಅಕ್ರಮವೂ ಹೌದು.

ಮಲೆನಾಡಿನಲ್ಲಿ ಬೆಳೆದವರಿಗೆ ತೇವ ಹೊಸದೇನಲ್ಲ. ಆಗುಂಬೆ, ತೀರ್ಥಹಳ್ಳಿ, ಸಿರ್ಸಿಯ ಕಡೆಯ ಮಳೆಯ ಮುಂದೆ ಡಬ್ಲಿನ್ನಿನ ಮಳೆ ಮಳೆಯೇ ಅಲ್ಲ. ಆದರೆ ಅಲ್ಲಿ ಮಳೆಗಾಲಕ್ಕೆ ಮುನ್ನ ಯಾರೂ ಮೊದಲು ಸುಣ್ಣದ ಡಬ್ಬ ತೆಗೆಯುತ್ತಿರಲಿಲ್ಲ. ಮಾಡು ಹತ್ತಿ ಒಡೆದ ಹಂಚು ಬದಲಿಸುತ್ತಿದ್ದರು. ಜಡಿಮಳೆ ಗೋಡೆಗೆ ಬಡಿಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಂಗಳದ ನೀರು ಹರಿದುಹೋಗಲು ಕಾಲುವೆ ಬಿಡಿಸುತ್ತಿದ್ದರು. ಅಡುಗೆಮನೆಯ ಹೊಗೆ ಹೋಗಲು ಮೇಲೆ ಬೆಳಕಿಂಡಿಯಿತ್ತು. ಹಂಚಿನ ಸಂದಿನಿಂದ ಗಾಳಿ ಬೇಡವೆಂದರೂ ಆಡುತ್ತಿತ್ತು. ಸುಣ್ಣ ಬಳಿಯುವುದು ಹಬ್ಬದ ಹೊತ್ತಿಗೆ, ಮಳೆ ನಿಂತು ಗೋಡೆ ಒಣಗಿದ ಮೇಲೆ. ಮೊದಲು ನೀರು ಮತ್ತು ಗಾಳಿಯ ದಾರಿ, ಆಮೇಲೆ ಚೆಂದ. ಈ ಕ್ರಮವನ್ನು ನಮಗೆ ಯಾವ ಎಂಜಿನಿಯರಿಂಗ್ ಕಾಲೇಜೂ ಕಲಿಸಬೇಕಾಗಿರಲಿಲ್ಲ. ಇಲ್ಲಿಗೆ ಬಂದು ಅದನ್ನೇ ತಲೆಕೆಳಗು ಮಾಡಿಕೊಂಡಿದ್ದೇವೆ.

ಇಲ್ಲಿನ ಮನೆಯ ಕಥೆ ಬೇರೆ. ಹೊರಗೆ ಥಂಡಿ, ಒಳಗೆ ಬಿಸಿ, ಕಿಟಕಿಗಳೆಲ್ಲ ಮುಚ್ಚಿವೆ. ಒಳಗಿನ ಗಾಳಿ 20 ಡಿಗ್ರಿಯಷ್ಟು ಬೆಚ್ಚಗಿದ್ದು ಅದರ ತೇವಾಂಶ ಶೇಕಡ 70ರಷ್ಟಿದ್ದರೆ, ಸುಮಾರು 14 ಡಿಗ್ರಿಗಿಂತ ತಣ್ಣಗಿರುವ ಯಾವ ಗೋಡೆ ಸಿಕ್ಕರೂ ಆ ಗಾಳಿ ಅಲ್ಲಿ ನೀರಾಗಿ ಕೂರುತ್ತದೆ. ತಣ್ಣನೆಯ ಮಜ್ಜಿಗೆಯ ಲೋಟದ ಹೊರಮೈ ಬೆವರುವಂತೆ. ಡಬ್ಲಿನ್ನಿನ ಹಳೆಯ ಬಡಾವಣೆಗಳಲ್ಲಿ ಟೊಳ್ಳು ಕಾಂಕ್ರೀಟ್ ಇಟ್ಟಿಗೆಯ ಗೋಡೆಗಳು ಬಹಳ. ನಿರೋಧಕ ಹೊದಿಕೆಯಿಲ್ಲದಿದ್ದರೆ ಅವು ಚಳಿಗಾಲದಲ್ಲಿ ಬೇಗನೆ ತಣ್ಣಗಾಗುತ್ತವೆ. ಮೂಲೆಗಳು, ಕಿಟಕಿಯ ಅಂಚುಗಳು, ಉತ್ತರದ ಗೋಡೆಗೆ ಒತ್ತಿ ನಿಂತ ವಾರ್ಡ್‌ರೋಬಿನ ಹಿಂಬದಿ, ಇವು ಎಲ್ಲಕ್ಕಿಂತ ತಣ್ಣಗಿರುವ ಜಾಗಗಳು. ಬೂಷ್ಟು ಮೊದಲು ಹಿಡಿಯುವುದು ಅಲ್ಲಿಯೇ. ಅದರ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ಗೋಡೆ ಬೆಚ್ಚಗಾಗುವುದಿಲ್ಲ, ಗಾಳಿ ಒಣಗುವುದಿಲ್ಲ. ಆಗಸ್ಟಿನಲ್ಲಿ ಬಳಿದ ಬಣ್ಣದ ಮೇಲೆ ದೀಪಾವಳಿ ಕಳೆಯುವಷ್ಟರಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಮನೆ ನೋಡಲು ಬಂದವರಿಗೆ ಬೇಸಗೆಯಲ್ಲಿ ಅದು ಕಾಣದು ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತು. ಪೇಂಟ್ ಮಾಡಿಸುವ ಕಾಲವನ್ನು ಅವರು ಸುಮ್ಮನೆ ಆರಿಸಿಕೊಂಡಿರುವುದಿಲ್ಲ.

ಚುಕ್ಕೆ ಮೂಡಿದ ಮೇಲೆ ಬಾಡಿಗೆದಾರನಿಗೆ ಸಿಗುವ ಉತ್ತರವನ್ನು ನಮ್ಮಲ್ಲಿ ಕೇಳದವರಾರು? "ನೀವು ತುಂಬ ಅಡುಗೆ ಮಾಡುತ್ತೀರಿ. ಬಟ್ಟೆ ಒಳಗೆ ಒಣಹಾಕುತ್ತೀರಿ. ಕಿಟಕಿ ತೆರೆಯುವುದಿಲ್ಲ." ನಾವು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರು, ಹಿರಿಯ ಐರಿಷ್ ಸಜ್ಜನರು, ಅಡುಗೆಮನೆಯ ಛಾವಣಿಯ ಕಲೆಯನ್ನು ನೋಡಿ ನನ್ನ ಹೆಂಡತಿಯ ಸಾರಿನ ಪಾತ್ರೆಯನ್ನು ನೋಡಿದರು, ಒಂದು ಮಾತೂ ಆಡಲಿಲ್ಲ, ಅಷ್ಟೇ ಸಾಕಾಗಿತ್ತು. ಕಲೆ ಬಂದದ್ದು ಮೇಲಿನ ಸ್ನಾನದ ಕೋಣೆಯ ಕೊಳವೆಯ ಸೋರಿಕೆಯಿಂದ ಎಂದು ಆರು ತಿಂಗಳ ನಂತರ ಪ್ಲಂಬರ್ ಬಂದಾಗ ಗೊತ್ತಾಯಿತು. ಅಂದು ಅದು ಪರರ ಮಾತು. ಇಂದು ಅದೇ ಮಾತನ್ನು ಶುದ್ಧ ಕನ್ನಡದಲ್ಲಿ ಕೇಳುತ್ತಿದ್ದೇನೆ: "ದಿನಾ ಹುಳಿ, ಸಾರು, ಒಗ್ಗರಣೆ ಅಂದ್ರೆ ಮನೆ ತಡ್ಕೊಳ್ಳೋದು ಹೇಗೆ?" ಹೀಗೆ ಕೇಳುವವರ ಸ್ವಂತ ಮನೆಯಲ್ಲಿ ದಿನಾ ಏನು ಬೇಯುತ್ತದೆಯೋ ಕಾಣೆ.

ಹಬೆಗೆ ಕುಲಗೋತ್ರವಿಲ್ಲ. ತೆರೆದ ಪಾತ್ರೆಯಲ್ಲಿ ಅರ್ಧ ತಾಸು ಕುದಿಯುವ ಐರಿಷ್ ಆಲೂಗಡ್ಡೆ, ಮುಚ್ಚಿದ ಪ್ರೆಷರ್ ಕುಕ್ಕರಿನಲ್ಲಿ ಮೂರು ಸೀಟಿಗೆ ಬೇಯುವ ನಮ್ಮ ಬೇಳೆಗಿಂತ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತದೆ. ನಾಲ್ವರ ಕುಟುಂಬವೊಂದು ಉಸಿರಾಟ, ಸ್ನಾನ, ಅಡುಗೆ, ಒಗೆತಗಳಿಂದ ದಿನಕ್ಕೆ ಹತ್ತು ಲೀಟರಿನಷ್ಟು ನೀರನ್ನು ಆವಿಯಾಗಿ ಹೊರಬಿಡುತ್ತದೆ ಎಂಬುದು ತಜ್ಞರ ಸಾಮಾನ್ಯ ಅಂದಾಜು. ಅವರು ಕನ್ನಡಿಗರಾಗಲಿ, ಕೆರಿಯವರಾಗಲಿ. ಜನ ಬದುಕುವುದಕ್ಕೆಂದೇ ಕಟ್ಟಿದ ಮನೆ, ಜನ ಬದುಕಿದ್ದರಿಂದ ಹಾಳಾಯಿತು ಎಂದರೆ ಏನು ಹೇಳುವುದು?

ಕಾನೂನು ಈ ವಿಷಯದಲ್ಲಿ ಮಾಲೀಕರಷ್ಟು ಗೊಂದಲದಲ್ಲಿಲ್ಲ. ಐರ್ಲೆಂಡಿನ ಬಾಡಿಗೆ ಮನೆಗಳ ಗುಣಮಟ್ಟದ ನಿಯಮಾವಳಿ 2019ರ ಮೇ 1ರಿಂದ ಜಾರಿಯಲ್ಲಿದೆ. ಛಾವಣಿ, ಗೋಡೆ, ಕಿಟಕಿ, ನೆಲ, ಗಟರ್, ನೀರಿಳಿಯುವ ಕೊಳವೆ ಇವೆಲ್ಲವೂ ಸುಸ್ಥಿತಿಯಲ್ಲಿರಬೇಕು, ತೇವದಿಂದ ದೋಷಗೊಂಡಿರಬಾರದು ಎಂದು ಅದು ಹೇಳುತ್ತದೆ. ವಾಸದ ಪ್ರತಿಯೊಂದು ಕೋಣೆಗೂ ಸಾಕಷ್ಟು ಗಾಳಿ ಬರಬೇಕು. ಅಡುಗೆಮನೆ ಮತ್ತು ಸ್ನಾನದ ಕೋಣೆಯಿಂದ ನೀರಾವಿ ಹೊರಹೋಗಲು ವ್ಯವಸ್ಥೆಯಿರಬೇಕು. ಒಲೆಯ ಮೇಲಿನ ಹೊಗೆ ಮತ್ತು ಹಬೆಯನ್ನು ಹುಡ್ ಅಥವಾ ಎಕ್ಸ್‌ಟ್ರಾಕ್ಟರ್ ಫ್ಯಾನಿನ ಮೂಲಕ ಮನೆಯ ಹೊರಗಿನ ಗಾಳಿಗೆ ಬಿಡಬೇಕು.

"ಹೊರಗಿನ ಗಾಳಿಗೆ" ಎಂಬ ಪದವನ್ನು ದಯವಿಟ್ಟು ಎರಡು ಬಾರಿ ಓದಿ. ನಮ್ಮವರ ಬಾಡಿಗೆ ಮನೆಗಳಲ್ಲಿ ನಾನು ನೋಡಿದ ಹುಡ್‌ಗಳಲ್ಲಿ ಬಹಳಷ್ಟು ಹೊರಕ್ಕೆ ಕೊಳವೆಯೇ ಇಲ್ಲದವು. ಅವು ಹಬೆಯನ್ನು ಒಳಗೆಳೆದು, ಕಾರ್ಬನ್ ಫಿಲ್ಟರಿನಲ್ಲಿ ಒಂದಿಷ್ಟು ವಾಸನೆ ಮತ್ತು ಜಿಡ್ಡು ತೆಗೆದು, ನೀರಾವಿಯನ್ನು ಹಾಗೆಯೇ ಅಡುಗೆಮನೆಗೆ ಮರಳಿಸುತ್ತವೆ. ಫಿಲ್ಟರ್ ಬದಲಿಸಿ ವರ್ಷಗಳಾಗಿದ್ದರೆ ವಾಸನೆಯನ್ನೂ ಮರಳಿಸುತ್ತವೆ. ದೀಪ ಹತ್ತುತ್ತದೆ, ಸದ್ದು ಬರುತ್ತದೆ, ಬಾಡಿಗೆದಾರ ನಂಬುತ್ತಾನೆ. ಸ್ನಾನದ ಕೋಣೆಯ ಫ್ಯಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಕೊಳವೆ ಎಷ್ಟೋ ಕಡೆ ಅಟ್ಟದವರೆಗೆ ಹೋಗಿ ಅಲ್ಲಿಯೇ ಬಾಯಿ ತೆರೆದು ಮಲಗಿರುತ್ತದೆ. ಮನೆಯ ಹಬೆಯೆಲ್ಲ ಮಾಡಿನ ಮರಕ್ಕೆ ಅಭಿಷೇಕ. ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಲು ಐದು ನಿಮಿಷ ಸಾಕು. ಹತ್ತಿ ನೋಡಿದ ಮಾಲೀಕರು ಎಷ್ಟು ಮಂದಿ? ಗೋಡೆ ಕೊರೆದು ಹೊರಕ್ಕೆ ಗಾಳಿ ಬಿಡುವ ಒಂದು ಒಳ್ಳೆಯ ಫ್ಯಾನ್ ಕೂರಿಸಲು ಡಬ್ಲಿನ್ನಿನ ಒಂದು ತಿಂಗಳ ಬಾಡಿಗೆಯಷ್ಟು ಹಣವೂ ಬೇಕಾಗಿಲ್ಲ. ಇಡೀ ಮನೆಗೆ ಪೇಂಟ್ ಮಾಡಿಸಲು ಅದಕ್ಕಿಂತ ಹೆಚ್ಚು ಸುರಿಯುತ್ತಾರೆ.

ಬೂಷ್ಟಿನ ಮಾತು ಬರಿಯ ಚೆಂದದ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಐರಿಷ್ ಸಮುದ್ರದ ಆಚೆ, ಮ್ಯಾಂಚೆಸ್ಟರಿನ ಪಕ್ಕದ ರಾಚ್‌ಡೇಲ್ ಎಂಬ ಊರಿನಲ್ಲಿ ಅವಾಬ್ ಇಸ್ಹಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಸುಡಾನಿನಿಂದ ಬಂದ ಕುಟುಂಬ. ವಸತಿ ಸಂಸ್ಥೆಯೊಂದರ ಫ್ಲಾಟ್. ಅಡುಗೆಮನೆ, ಸ್ನಾನದ ಕೋಣೆಗಳಲ್ಲಿ ಬೂಷ್ಟು. ತಂದೆ 2017ರಲ್ಲಿಯೇ ತಿಳಿಸಿದಾಗ ಸಿಕ್ಕ ಸಲಹೆ, ಅದರ ಮೇಲೆ ಬಣ್ಣ ಬಳಿಯಿರಿ ಎಂದು. ಮನೆಯೊಳಗಿನ ಬೂಷ್ಟನ್ನು ದೀರ್ಘಕಾಲ ಉಸಿರಾಡಿದ್ದರಿಂದ ಉಂಟಾದ ಉಸಿರಾಟದ ತೊಂದರೆಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಕುಟುಂಬದ ಜೀವನಕ್ರಮದ ಬಗ್ಗೆ ತಾನು ಊಹೆಗಳನ್ನು ಮಾಡಿಕೊಂಡಿದ್ದು ತಪ್ಪೆಂದು ವಸತಿ ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು. ಅವರ ಸ್ನಾನದ ಪದ್ಧತಿಯನ್ನೂ ಅದು ಕಾರಣವಾಗಿ ಎಣಿಸಿತ್ತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ ಜಾರಿಗೆ ಬಂದಿದೆ. ತುರ್ತು ಅಪಾಯವನ್ನು 24 ಗಂಟೆಯೊಳಗೆ ಸರಿಪಡಿಸಬೇಕು. ಗಂಭೀರ ತೇವ ಮತ್ತು ಬೂಷ್ಟನ್ನು 10 ಕೆಲಸದ ದಿನಗಳೊಳಗೆ ತನಿಖೆ ಮಾಡಬೇಕು.

"ನಿಮ್ಮ ಸ್ನಾನದ ಪದ್ಧತಿ" ಮತ್ತು "ನಿಮ್ಮ ಒಗ್ಗರಣೆ" ಎಂಬ ಎರಡು ಮಾತುಗಳ ನಡುವೆ ನನಗಂತೂ ವ್ಯತ್ಯಾಸ ಕಾಣುವುದಿಲ್ಲ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ನೂರಾರು ಮನೆಗಳ ಮಾಲೀಕನೊಬ್ಬ, ಕರಿಯ ವಾಸನೆ ಉಳಿಯುತ್ತದೆಂಬ ನೆಪವೊಡ್ಡಿ ಭಾರತ ಮತ್ತು ಪಾಕಿಸ್ತಾನ ಮೂಲದವರಿಗೆ ಮನೆ ಕೊಡಬೇಡಿ ಎಂದು ಏಜೆಂಟರಿಗೆ ಬರೆದದ್ದು, 2017ರಲ್ಲಿ ನ್ಯಾಯಾಲಯ ಅದನ್ನು ಅಕ್ರಮವೆಂದು ತಡೆದದ್ದು ನಿಮಗೆ ನೆನಪಿರಬಹುದು. ಅಂದು ನಮ್ಮ ಗುಂಪುಗಳಲ್ಲಿ ಎಷ್ಟು ಕೋಪ ಉಕ್ಕಿತ್ತು! ಆ ಕೋಪ ಈಗ ಎಲ್ಲಿ ಹೋಯಿತು?

ಇನ್ನು ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಒಂದು ಪದ್ಧತಿಯ ಮಾತು. ಅಲ್ಲಿ ಮನೆ ಖಾಲಿ ಮಾಡುವಾಗ "ಪೇಂಟಿಂಗ್ ಚಾರ್ಜು" ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿ. ಎರಡು ವರ್ಷ ಇದ್ದರೂ ಒಂದೇ, ಹನ್ನೊಂದು ತಿಂಗಳಿದ್ದರೂ ಒಂದೇ; ಗೋಡೆ ಹೊಳೆಯುತ್ತಿದ್ದರೂ ಒಂದೇ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವನಿಗೆ ಒಂಬತ್ತು ಮರಳಿದರೆ ಪುಣ್ಯ. ಈ ರೂಢಿಯನ್ನು ಐರ್ಲೆಂಡಿನಲ್ಲಿಯೂ ನಡೆಸಲು ಹೊರಟ ಮಹನೀಯರು ನಮ್ಮಲ್ಲಿದ್ದಾರೆ. ಕಳೆದ ವರ್ಷ ಒಬ್ಬ ತರುಣ ನರ್ಸ್ ದಂಪತಿಯ ಡೆಪಾಸಿಟ್ ಇದೇ ಹೆಸರಿನಲ್ಲಿ ಪೂರ್ತಿ ನುಂಗಿಹೋಯಿತು. ಆ ಗೋಡೆಗಳಿಗೆ ಆದದ್ದೇನು ಎಂದರೆ, ಸೋಫಾ ಹಿಂದಿನ ಒಂದು ಗೀರು, ಮತ್ತು ಮೊದಲೇ ಇದ್ದು ಮತ್ತೆ ಮೇಲೆದ್ದ ಬೂಷ್ಟು.

ಇಲ್ಲಿನ ಕಾನೂನು ಹಾಗಿಲ್ಲ. 2004ರ ರೆಸಿಡೆನ್ಶಿಯಲ್ ಟೆನೆನ್ಸೀಸ್ ಕಾಯ್ದೆಯಡಿ, ಮನೆಯ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಅದನ್ನು ಮೀರಿದ ಹಾನಿಗೆ ಮಾತ್ರ ಹೊಣೆ. ಮನೆಯ ಕಟ್ಟಡವನ್ನು ಮತ್ತು ಒಳಭಾಗವನ್ನು ದುರಸ್ತಿಯಲ್ಲಿಡುವುದು ಮಾಲೀಕನ ಕರ್ತವ್ಯ. 2021ರ ತಿದ್ದುಪಡಿಯ ನಂತರ ಡೆಪಾಸಿಟ್ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಮುಂಗಡ ಬಾಡಿಗೆಯೂ ಒಂದು ತಿಂಗಳಿನದನ್ನು ಮೀರುವಂತಿಲ್ಲ. ಹಕ್ಕು ಕೇಳಿದ್ದಕ್ಕಾಗಿ ಬಾಡಿಗೆದಾರನನ್ನು ಪೀಡಿಸುವಂತಿಲ್ಲ. ವ್ಯಾಜ್ಯ ಬಂದರೆ ಆರ್‌ಟಿಬಿ ಎಂಬ ಬಾಡಿಗೆ ಮಂಡಲಿಯಿದೆ. ಮನೆಯ ಗುಣಮಟ್ಟದ ದೂರಿಗೆ ಆಯಾ ಊರಿನ ಕೌನ್ಸಿಲ್ ಇದೆ, ಅದರ ಅಧಿಕಾರಿಗಳು ಬಂದು ತಪಾಸಣೆ ಮಾಡುತ್ತಾರೆ. ಆದರೆ ನಮ್ಮ ದಂಪತಿ ಎಲ್ಲಿಗೂ ಹೋಗಲಿಲ್ಲ. "ಅವರು ನಮ್ಮೋರೇ ಅಲ್ವಾ ಅಣ್ಣಾ, ಯುಗಾದಿಗೆ ಎದುರು ಸಿಗ್ತಾರೆ" ಎಂದರು. ನಮ್ಮವರು ಎಂಬ ಮಾತು ಒಬ್ಬನಿಗೆ ರಿಯಾಯಿತಿ, ಇನ್ನೊಬ್ಬನಿಗೆ ಬಾಯಿಗೆ ಹಾಕಿದ ಬೀಗ.

ಮಾಲೀಕರ ಪಕ್ಷವನ್ನೂ ಕೇಳೋಣ. ಅವರಲ್ಲಿ ನನ್ನ ಆಪ್ತರೂ ಇದ್ದಾರೆ. ಬಾಡಿಗೆಯ ಆದಾಯದ ಮೇಲೆ, ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವವನಿಗೆ ಆದಾಯ ತೆರಿಗೆ, ಯುಎಸ್‌ಸಿ, ಪಿಆರ್‌ಎಸ್‌ಐ ಎಲ್ಲ ಸೇರಿ ಸುಮಾರು ಅರ್ಧದಷ್ಟು ಹೋಗುತ್ತದೆ. ಬ್ಯಾಂಕಿನ ಸಾಲವಿದೆ. ಕೆಲಸಗಾರರು ಸಿಗುವುದಿಲ್ಲ, ಸಿಕ್ಕವರು ಹೇಳಿದ ದಿನ ಬರುವುದಿಲ್ಲ. ಎಲ್ಲವೂ ನಿಜ. ಕೆಲವು ಬಾಡಿಗೆದಾರರು ಗೋಡೆಯ ವೆಂಟಿಗೆ ಪ್ಲಾಸ್ಟಿಕ್ ಅಂಟಿಸಿ, ಹೀಟಿಂಗ್ ಆರಿಸಿ, ಒದ್ದೆ ಬಟ್ಟೆಯನ್ನು ಬೆಡ್‌ರೂಮಿನಲ್ಲಿ ಹರಡಿ ಕೂರುತ್ತಾರೆ ಎಂಬುದೂ ನಿಜ. ವೆಂಟ್ ಮುಚ್ಚಬಾರದು, ಸ್ನಾನವಾದ ಮೇಲೆ ಫ್ಯಾನ್ ಓಡಿಸಬೇಕು, ಸೋರಿಕೆ ಕಂಡ ದಿನವೇ ಬರಹದಲ್ಲಿ ತಿಳಿಸಬೇಕು. ಇಷ್ಟನ್ನು ಬಾಡಿಗೆದಾರನಿಗೆ ಕಡ್ಡಾಯವಾಗಿ ಹೇಳಿ. ಆದರೆ ಹೀಟಿಂಗ್ ಏಕೆ ಆರಿಸುತ್ತಾನೆಂದೂ ಕೇಳಿ. ಹಾಕಿದ ಶಾಖವೆಲ್ಲ ಅಟ್ಟದಿಂದಲೂ ಗೋಡೆಯಿಂದಲೂ ಹೊರಗೆ ಹರಿದುಹೋಗುವ ಮನೆಯಲ್ಲಿ ಗ್ಯಾಸ್ ಬಿಲ್ ಕಟ್ಟಲಾರದೆ ಆರಿಸುತ್ತಾನೆ. ವೆಂಟಿಗೆ ಪ್ಲಾಸ್ಟಿಕ್ ಅಂಟಿಸುವುದೂ ಅದೇ ಕಾರಣಕ್ಕೆ.

ತೆರಿಗೆಯ ಗೋಳು ಹೇಳುವವರು ಅದೇ ತೆರಿಗೆ ಕಾನೂನಿನ ಇನ್ನೊಂದು ಪುಟವನ್ನೂ ತೆರೆಯಬೇಕು. ಬಾಡಿಗೆ ಮನೆಯ ದುರಸ್ತಿಯ ಖರ್ಚನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಆರು ತಿಂಗಳಿಗೂ ಮಿಕ್ಕಿ ಖಾಲಿಯಿದ್ದ ಮನೆಯನ್ನು ಬಾಡಿಗೆಗೆ ಸಜ್ಜುಗೊಳಿಸುವ ಖರ್ಚಿಗೂ ಷರತ್ತುಗಳೊಂದಿಗೆ ಹತ್ತು ಸಾವಿರ ಯೂರೋವರೆಗೆ ಈ ಸೌಲಭ್ಯವಿದೆ. 2023ಕ್ಕೆ ಮುನ್ನ ಮಿತಿ ಐದು ಸಾವಿರವಿತ್ತು. ಅಟ್ಟ ಮತ್ತು ಗೋಡೆಗಳ ನಿರೋಧಕ ಹೊದಿಕೆಗೆ ಎಸ್‌ಇಎಐ ಸಂಸ್ಥೆಯ ಸಹಾಯಧನ ಮಾಲೀಕರಿಗೂ ಸಿಗುತ್ತದೆ, ಮನೆ 2011ಕ್ಕೆ ಮುಂಚಿನದಾಗಿರಬೇಕು. ಬಾಡಿಗೆದಾರ ಇರುವಾಗಲೇ ಆ ಸಹಾಯಧನದೊಡನೆ ಮಾಡಿಸಿದ ಕೆಲಸಕ್ಕೆ, ಅದರ ಷರತ್ತುಗಳಿಗೆ ಒಳಪಟ್ಟು, ಪ್ರತಿ ಮನೆಗೆ ಹತ್ತು ಸಾವಿರ ಯೂರೋವರೆಗೆ ತೆರಿಗೆ ಕಡಿತವೂ ಉಂಟು. ಇನ್ನು ಬಡ್ಡಿಯ ಕಡಿತ: ಬಾಡಿಗೆಯನ್ನು ಆರ್‌ಟಿಬಿಯಲ್ಲಿ ನೋಂದಾಯಿಸಿದ್ದರೆ ಮಾತ್ರ. 2022ರ ಏಪ್ರಿಲಿನಿಂದ ಈ ನೋಂದಣಿ ಪ್ರತಿವರ್ಷದ್ದು. "ನಮ್ಮವರಿಗೇ ಕೊಟ್ಟದ್ದು, ನೋಂದಣಿ ಏತಕ್ಕೆ" ಎಂದು ಸುಮ್ಮನಿರುವವರಿಗೆ ಕಡಿತ ಬೇಡವೆಂದಾಗಲಿ, ಕಡಿತ ಕೇಳುತ್ತಲೇ ಸುಮ್ಮನಿದ್ದಾರೆಂದಾಗಲಿ ಅರ್ಥ. ಎರಡನೆಯದರ ಬಗ್ಗೆ ನಾನು ಹೆಚ್ಚು ಬರೆಯಬೇಕಾಗಿಲ್ಲ.

ಅಗ್ಗದ ಕೆಲಸಗಾರನ ಬಗ್ಗೆಯೂ ಒಂದು ಮಾತು. ಗೋಡೆಗೆ ಬಣ್ಣ ಬಳಿಯಲು ಯಾರನ್ನಾದರೂ ಕರೆಯಿರಿ. ಆದರೆ ಆರ್‌ಜಿಐ ನೋಂದಣಿಯಿಲ್ಲದವನು ಗ್ಯಾಸ್ ಬಾಯ್ಲರಿಗೆ ಕೈ ಹಾಕುವುದು ಈ ದೇಶದಲ್ಲಿ ಅಪರಾಧ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಅಲಾರಂ ಬಾಡಿಗೆ ಮನೆಯಲ್ಲಿ ಕಡ್ಡಾಯ. ಹೊಗೆಯ ಅಲಾರಮ್ಮೂ ಕಡ್ಡಾಯ. ಅಲಾರಂ ಮೇಲೆ ಅಚ್ಚಾಗಿರುವ ಕೊನೆಯ ದಿನಾಂಕವನ್ನು ಕುರ್ಚಿ ಹತ್ತಿ ಓದಿ.

ಮಾರಾಟದ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ನಾಜೂಕು. ಕೊಳ್ಳುವವನೇ ಎಚ್ಚರ ವಹಿಸತಕ್ಕದ್ದು ಎಂಬ ಹಳೆಯ ನ್ಯಾಯಸೂತ್ರ ಇಲ್ಲಿ ಇನ್ನೂ ನಡೆಯುತ್ತದೆ. ಮನೆಯ ಶಕ್ತಿಮಾಪನದ ಬಿಇಆರ್ ಪ್ರಮಾಣಪತ್ರ ಮಾರಲೂ ಬಾಡಿಗೆಗೆ ಕೊಡಲೂ 2009ರಿಂದ ಕಡ್ಡಾಯವಾಗಿದೆ ನಿಜ. ಎ1ರಿಂದ ಜಿವರೆಗಿನ ಆ ಅಕ್ಷರ ಶಾಖದ ಲೆಕ್ಕ ಹೇಳುತ್ತದೆಯೇ ಹೊರತು, ಸೋರುವ ಗಟರಿನ ಕಥೆಯನ್ನು ಹೇಳುವುದಿಲ್ಲ. ಹೊರಗೋಡೆಯ ಗಿಲಾವಿನ ಬಿರುಕಿಗೆ ಪೇಂಟು, ಒಳಗೋಡೆಯ ತೇವಕ್ಕೆ ವಾಲ್‌ಪೇಪರು, ಮನೆ ನೋಡುವ ದಿನ ಒಲೆಯ ಮೇಲೆ ಕಾಫಿಯ ಪರಿಮಳ! ಎಸ್ಟೇಟ್ ಏಜೆಂಟರ ಈ ಅಲಂಕಾರಶಾಸ್ತ್ರವನ್ನು ನಮ್ಮವರು ಬೇಗನೆ ಕಲಿತಿದ್ದಾರೆ. ಮೇಲೆ ಥಳಕು, ಒಳಗೆ ಹುಳುಕು ಎಂದು ನಮ್ಮ ಅಜ್ಜಿಯರು ಅಂದದ್ದು ಇದನ್ನೇ.

ಅಪಾರ್ಟ್‌ಮೆಂಟ್ ಕೊಳ್ಳುವವರಿಗಂತೂ ಇನ್ನೂ ಹೆಚ್ಚು ಎಚ್ಚರ ಬೇಕು. 1991ರಿಂದ 2013ರವರೆಗೆ ಕಟ್ಟಿದ ಐರಿಷ್ ಅಪಾರ್ಟ್‌ಮೆಂಟುಗಳಲ್ಲಿ ಶೇಕಡ 50ರಿಂದ 80ರಷ್ಟರಲ್ಲಿ ಬೆಂಕಿ ಸುರಕ್ಷತೆ, ಕಟ್ಟಡದ ಬಲ ಅಥವಾ ನೀರು ಒಳನುಗ್ಗುವಿಕೆಯ ದೋಷಗಳಿರಬಹುದೆಂದು ಸರ್ಕಾರವೇ ನೇಮಿಸಿದ ತಂಡವೊಂದು 2022ರಲ್ಲಿ ಅಂದಾಜಿಸಿತು. ಡಬ್ಲಿನ್ನಿನ ಪ್ರಯರಿ ಹಾಲ್ ಸಮುಚ್ಚಯದ ನಿವಾಸಿಗಳು 2011ರ ಅಕ್ಟೋಬರಿನಲ್ಲಿ ಬೆಂಕಿಯ ಅಪಾಯದ ಕಾರಣಕ್ಕೆ ಮನೆ ತೊರೆಯಬೇಕಾಯಿತು. ಅವರ ಗೋಡೆಗಳಿಗೂ ಚೆಂದದ ಬಣ್ಣವೇ ಇತ್ತು. ಆದ್ದರಿಂದ ಕೊಳ್ಳುವವರು ಸ್ವತಂತ್ರ ಸರ್ವೇಯರನ ಶುಲ್ಕ ಉಳಿಸಲು ಹೋಗಬಾರದು. ಮಾರುವವನು ಸಂಘದ ಹಿರಿಯ ಸದಸ್ಯನಾಗಿದ್ದರೂ, ರಾಜ್ಯೋತ್ಸವದಲ್ಲಿ ನಾಡಗೀತೆ ಹಾಡಿಸಿದವನಾಗಿದ್ದರೂ ಸರ್ವೇಯರ್ ತೇವಮಾಪಕ ಹಿಡಿದು ಒಳಗೆ ಬರಲಿ. ಮಾರುವವರಿಗೆ ನನ್ನ ಮಾತು: ಸೋರಿಕೆಯಿದ್ದರೆ ಹೇಳಿ. ಸರಿಪಡಿಸಿ ಹೇಳಿ, ಇಲ್ಲವೇ ಬೆಲೆ ಇಳಿಸಿ ಹೇಳಿ. ಮಗಳ ಮದುವೆಗೆಂದು ಗಂಡಿನ ಊರು, ಕೇರಿ, ಮೂರು ತಲೆಮಾರು ವಿಚಾರಿಸುವ ನಾವು, ಇಪ್ಪತ್ತೈದು ವರ್ಷದ ಸಾಲಕ್ಕೆ ಕೈ ಹಾಕುವ ತರುಣನಿಂದ ಅಟ್ಟದ ಬೂಷ್ಟನ್ನು ಬಚ್ಚಿಡುವುದು ಎಲ್ಲಿಯ ಸಂಸ್ಕಾರ?

ಒಂದು ವರ್ಗಕ್ಕೆ ಮಾತ್ರ ಈ ಯಾವ ರಕ್ಷಣೆಯೂ ಇಲ್ಲ. ಅವರನ್ನು ನೆನೆಯದೆ ಮುಗಿಸಲಾರೆ. ಮಾಲೀಕನ ಮನೆಯಲ್ಲಿಯೇ ಒಂದು ಕೋಣೆ ಪಡೆದು ಇರುವ ವಿದ್ಯಾರ್ಥಿಗಳು ಕಾನೂನಿನ ಕಣ್ಣಿಗೆ ಬಾಡಿಗೆದಾರರಲ್ಲ. ಆರ್‌ಟಿಬಿಗೆ ಅವರು ಹೋಗುವಂತಿಲ್ಲ, 2019ರ ನಿಯಮಾವಳಿ ಅವರಿಗೆ ಅನ್ವಯಿಸದು. ಆದರೆ ಹಾಗೆ ಕೋಣೆ ಕೊಟ್ಟವನಿಗೆ ವರ್ಷಕ್ಕೆ 14,000 ಯೂರೋವರೆಗೆ ತೆರಿಗೆಯೇ ಇಲ್ಲ. ಇಲ್ಲಿ ಮಾಲೀಕನ ಕೈ ಹಿಡಿಯುವುದು ಅವನ ಆತ್ಮಸಾಕ್ಷಿಯೊಂದೇ, ಅಥವಾ ಅವನನ್ನು ಬಲ್ಲ ನಾವು. ಕಿಟಕಿ ತೆರೆಯಲು ಬಾರದ ಬಾಕ್ಸ್‌ರೂಮಿನಲ್ಲಿ ಇಬ್ಬರು ಹುಡುಗರನ್ನು ಹಾಕಿ, ಮೂಲೆಯ ಕಪ್ಪನ್ನು ವಾರಾಂತ್ಯದಲ್ಲಿ ಬಿಳಿಯ ಪೇಂಟಿನಿಂದ ಮುಚ್ಚಿದ ಮನೆಯೊಂದಕ್ಕೆ ನಾನು ಹೋಗಿದ್ದೆ. ಹುಡುಗರಲ್ಲೊಬ್ಬನಿಗೆ ಆಸ್ತಮಾ ಇತ್ತು. ಅವನ ತಾಯಿ ಹಾಸನದಿಂದ ದಿನಾ ವಿಡಿಯೋ ಕರೆ ಮಾಡುತ್ತಾರೆ. ಕ್ಯಾಮೆರಾವನ್ನು ಆ ಮೂಲೆಗೆ ತಿರುಗಿಸದಂತೆ ಅವನು ಜಾಗ್ರತೆ ವಹಿಸುತ್ತಾನೆ.

ಹಾಗಾದರೆ ಏನು ಮಾಡಬೇಕು? ನಮ್ಮ ಸಂಘ ಪೊಲೀಸಲ್ಲ, ಕೌನ್ಸಿಲ್ಲೂ ಅಲ್ಲ. ಆದರೆ ಮನೆಯ ಜಾಹೀರಾತು ಹೋಗುವ ಗುಂಪು ನಮ್ಮದು, ಅದರ ನಿಯಮ ನಮ್ಮ ಕೈಯಲ್ಲಿದೆ. ರಾಜಕೀಯದ ಸಂದೇಶ ಹಾಕಬಾರದೆಂದು ನಿಯಮ ಮಾಡಿದ್ದೇವೆ, ಶುಭೋದಯದ ಚಿತ್ರಗಳಿಗೂ ತಡೆಯೊಡ್ಡಿದ್ದೇವೆ. ಇದಕ್ಕೂ ಒಂದು ಮಾಡೋಣ. ಬಾಡಿಗೆಗೆಂದು ಮನೆ ಹಾಕುವವರು ಬಿಇಆರ್ ಅಕ್ಷರವನ್ನು ಬರೆಯಲಿ (ಜಾಹೀರಾತಿನಲ್ಲಿ ಅದನ್ನು ತೋರಿಸುವುದು ಹೇಗೂ ಕಾನೂನೇ). ಆರ್‌ಟಿಬಿಯಲ್ಲಿ ನೋಂದಾಯಿಸುತ್ತೇನೆಂದು ಹೇಳಲಿ. ಅಡುಗೆಮನೆಯ ಹುಡ್ ಮತ್ತು ಸ್ನಾನದ ಕೋಣೆಯ ಫ್ಯಾನಿನ ಕೊಳವೆ ಎಲ್ಲಿಗೆ ತೆರೆಯುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ, ಹೊರಗೋಡೆಯ ಮೇಲಿನ ಅದರ ಬಾಯಿಯ ಒಂದು ಫೋಟೋ ಹಾಕಲಿ. ಬಾಯ್ಲರ್ ಸರ್ವಿಸ್ ಆದ ದಿನಾಂಕ ಇರಲಿ. ಕಳೆದ ಚಳಿಗಾಲದಲ್ಲಿ ತೇವದ ತೊಂದರೆಯಿತ್ತೇ, ಇದ್ದರೆ ಏನು ಮಾಡಿಸಿದಿರಿ ಎಂಬುದಕ್ಕೆ ಪ್ರಾಮಾಣಿಕ ಉತ್ತರವಿರಲಿ. ಸೋಫಾದ ಮೇಲಿನ ದಿಂಬಿನ ಚಿತ್ರ ಹಾಕಲೇಬೇಕೆಂದರೆ ಆಮೇಲೆ ಹಾಕಲಿ.

ಇಷ್ಟು ಕೇಳಿದರೆ ಮಾಲೀಕರು ಗುಂಪು ಬಿಟ್ಟು ಹೋಗುತ್ತಾರೆ, ಹೊಸಬರಿಗೆ ಮನೆ ಸಿಗದಂತಾಗುತ್ತದೆ ಎಂದು ಸಮಿತಿಯ ಮಿತ್ರರೊಬ್ಬರು ಈಗಾಗಲೇ ನನಗೆ ಹೇಳಿದ್ದಾರೆ. ಮನೆಗಳ ಬರಗಾಲದಲ್ಲಿ ಅವರ ಆತಂಕ ಹಗುರವಾದುದಲ್ಲ. ಆದರೆ ಕೊಳವೆಯ ಒಂದು ಫೋಟೋ ಕೇಳಿದ್ದಕ್ಕೆ ಹೊರಟುಹೋಗುವವನ ಮನೆಗೆ, ವಿಮಾನದಿಂದ ಇಳಿದು ಬಂದ ಕೈಗೂಸಿನ ತಾಯಿಯನ್ನು ನಾವೇ ಶಿಫಾರಸು ಮಾಡಿ ಕಳುಹಿಸಬೇಕೇ? ಅವರು ತಾವಾಗಿ ಹುಡುಕಿಕೊಂಡು ಹೋದರೆ ಅದು ಬೇರೆ. ಸಂಘದ ಹೆಸರಿನ ನೆರಳು ಆ ಮನೆಯ ಮೇಲೆ ಬೀಳಬಾರದು.

ಈ ಸಲಹೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಲಿಖಿತವಾಗಿ ಮಂಡಿಸಲಿದ್ದೇನೆ. ಒಪ್ಪುವವರು ಸಹಿ ಹಾಕಿ. ಒಪ್ಪದವರು ದಯಮಾಡಿ ಸಭೆಗೆ ಬನ್ನಿ, ಎಲ್ಲರೆದುರು ಕಾರಣ ಹೇಳಿ. ಬರುವ ಮುನ್ನ ಒಮ್ಮೆ ನಿಮ್ಮ ಬಾಡಿಗೆ ಮನೆಯ ಅಟ್ಟ ಹತ್ತಿ ನೋಡಿ ಬನ್ನಿ.